ಎಂಜಿನ್ ಬಿಚ್ಚಿದೆ, ಬಣ್ಣ ಮುಟ್ಟಲಿಲ್ಲ

ಹಳೆ ಜಾವಾ ಬೈಕ್ ಮನೆಗೆ ಬಂದಿದೆ ಅಂದ ತಕ್ಷಣ ಜನ ಕೇಳುವ ಮೊದಲ ಪ್ರಶ್ನೆ, "ಯಾವ ಬಣ್ಣ ಹೊಡೆಸ್ತೀಯ?" ನಾನು ಯಾವ ಬಣ್ಣವನ್ನೂ ಹೊಡೆಸಲಿಲ್ಲ. ಮನೆಯ ಪೋರ್ಟಿಕೋದಲ್ಲೇ ಗಾಡಿ ಪೂರ್ತಿ ಬಿಚ್ಚಿದೆ, ಎಂಜಿನ್ ಎರಡು ಹೋಳು ಮಾಡಿ ಒಳಗಿನದೆಲ್ಲ ಸರಿ ಮಾಡಿದೆ, ವೈರಿಂಗ್ ಹೊಸದಾಗಿ ಎಳೆದೆ, ಟೈರು ಬ್ರೇಕು ಬದಲಾಯಿಸಿದೆ. ಆದರೆ 1968ರಲ್ಲಿ ಕಾರ್ಖಾನೆಯಲ್ಲಿ ಹೊಡೆದ ಮರೂನ್ ಬಣ್ಣ ಈಗಲೂ ಹಾಗೇ ಇದೆ. ಅಲ್ಲಲ್ಲಿ ಚಕ್ಕೆ ಎದ್ದಿದೆ, ಮಡ್‌ಗಾರ್ಡ್ ಅಂಚಿನಲ್ಲಿ ತುಕ್ಕಿದೆ. ಇರಲಿ. ಬೇರಿಂಗ್ ಹೋದರೆ ಇನ್ನೊಂದು ಬೇರಿಂಗ್ ಸಿಗುತ್ತದೆ, ಆ ಬಣ್ಣ ಕೆರೆದು ಹಾಕಿದರೆ ಇನ್ನೊಂದು ಸಲ ಸಿಗುವುದಿಲ್ಲ.

ಇದು ನಮ್ಮ ದೊಡ್ಡಪ್ಪನ ಗಾಡಿ. ಅವರು ಪಾಂಡವಪುರದ ಕಡೆ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದರು. ಗಾಡಿ ಹುಟ್ಟಿದ್ದು ಇಲ್ಲೇ, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ರುಸ್ತುಂ ಇರಾನಿ ಮತ್ತು ಫರ್ರೋಖ್ ಇರಾನಿ ಕಟ್ಟಿದ ಆ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟನೆ ಮಾಡಿದವರು ಜಯಚಾಮರಾಜ ಒಡೆಯರ್. ಮೊದಲು ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸಿನಲ್ಲಿ ಜಾವಾ, ಆಮೇಲೆ 70ರ ದಶಕದಲ್ಲಿ ಯೆಜ್ಡಿ ಅನ್ನುವ ಹೆಸರಿನ ಗಾಡಿ, 1996ರಲ್ಲಿ ಬಾಗಿಲು ಮುಚ್ಚಿತು. ಮೈಸೂರಿನ ಹಳೆ ಬಡಾವಣೆಗಳಲ್ಲಿ ಅಲ್ಲಿ ಕೆಲಸ ಮಾಡಿದವರು, ಅವರ ಮಕ್ಕಳು, ಅಳಿಯಂದಿರು ಈಗಲೂ ಸಿಗುತ್ತಾರೆ. ನಮ್ಮ ಪಕ್ಕದ ಬೀದಿಯಲ್ಲೇ ಒಬ್ಬರು ಹಿರಿಯರಿದ್ದಾರೆ, ಎಂಜಿನ್ ಜೋಡಿಸುವ ಕಡೆ ಇದ್ದವರು. ಸಂಜೆ ವಾಕಿಂಗ್ ಮುಗಿಸಿ ನಮ್ಮ ಗೇಟಿನ ಹತ್ತಿರ ನಿಂತು, "ಎಲ್ಲಿಗೆ ಬಂತಪ್ಪ?" ಅಂತ ಕೇಳದೆ ಹೋದ ದಿನ ಕಡಿಮೆ. ಅವರಿಲ್ಲದಿದ್ದರೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು.

ಮೊದಲು ಕಾಗದದ ಮಾತು, ಯಾಕೆಂದರೆ ಎಷ್ಟೋ ಜನ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಗಾಡಿಗೆ ಒಂದು ರೂಪಾಯಿ ಹಾಕುವ ಮುಂಚೆ ಆರ್‌ಸಿ ಹುಡುಕಿ. ದೊಡ್ಡಪ್ಪ ಇಲ್ಲ, ಹಾಗಾಗಿ ಮಾಲೀಕರು ತೀರಿಕೊಂಡಾಗ ಹೆಸರು ಬದಲಾಯಿಸುವ ಫಾರಂ 31, ನೋಂದಣಿ ನವೀಕರಣಕ್ಕೆ ಫಾರಂ 25, ದೊಡ್ಡಮ್ಮನ ಮತ್ತು ಅಣ್ಣಂದಿರ ಒಪ್ಪಿಗೆ ಪತ್ರ, ಇಷ್ಟೂ ಬೇಕಾಯಿತು. ಹಳೆ ಎಂವೈ ಅಕ್ಷರದ ನಂಬರುಗಳು ಎಷ್ಟೋ ಕಂಪ್ಯೂಟರಿಗೆ ಏರಿರುವುದಿಲ್ಲ, ಹಳೆ ರಿಜಿಸ್ಟರಿನಿಂದ ತೆಗೆದು ಸೇರಿಸಬೇಕು, ಅದಕ್ಕೆ ಓಡಾಟ ಇದೆ. ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಹೋಗಬೇಕು. ಆ ನಂಬರಿನ ಜಾಗವನ್ನು ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ, ಮೇಲೆ ಪುಟ್ಟಿ ಬಳಿದು, ಅಂಕಿಯೇ ಕಾಣದ ಹಾಗೆ ಮಾಡಿಸಿಕೊಂಡವರನ್ನು ನೋಡಿದ್ದೇನೆ. ಬಣ್ಣಕ್ಕೆ ಕೈ ಹಾಕಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಕೊಟ್ಟಿಗೆಯಿಂದ ತಂದಾಗ ಎಂಜಿನ್ ಹಿಡಿದಿತ್ತು. ಕಿಕ್ಕರ್ ಮೇಲೆ ಹತ್ತಿ ನಿಂತರೂ ಅಲ್ಲಾಡುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಎರಡನೇ ಗೇರಿಗೆ ಹಾಕಿ ತಳ್ಳಿ ಬಿಡಿಸೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ರಿಂಗ್ ಸಿಲಿಂಡರಿಗೆ ತುಕ್ಕಿನಲ್ಲಿ ಅಂಟಿಕೊಂಡಿರುತ್ತದೆ, ಎಳೆದರೆ ರಿಂಗ್ ಮುರಿದು ಪೋರ್ಟಿನ, ಅಂದರೆ ಸಿಲಿಂಡರ್ ಗೋಡೆಯ ಕಿಂಡಿಯ, ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು ಎಟಿಎಫ್ (ಆಟೊಮ್ಯಾಟಿಕ್ ಗೇರಿನ ಗಾಡಿಗೆ ಹಾಕುವ ಆಯಿಲ್) ಬೆರೆಸಿ ಒಳಗೆ ಸುರಿದು ಸುಮ್ನೆ ಬಿಟ್ಟೆ. ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಒಂದಿಷ್ಟು ಸುರಿಯುವುದು, ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಅಲುಗಿಸುವುದು. ಒಂದು ದಿನ ಕೂದಲೆಳೆಯಷ್ಟು ಹೊರಳಿತು. ಆಮೇಲೆ ತಾನಾಗೇ ಬಿಟ್ಟಿತು.

ಈ ಎಂಜಿನ್ ಬಿಚ್ಚುವುದು ಖುಷಿಯ ಕೆಲಸ, ಯಾಕೆಂದರೆ ಭಾಗಗಳು ಕಡಿಮೆ. 248.5 ಸಿಸಿ ಟೂ ಸ್ಟ್ರೋಕ್, ವಾಲ್ವಿಲ್ಲ, ಕ್ಯಾಮ್ ಇಲ್ಲ. ಬೋರ್ 65 ಮಿಮೀ, ಸ್ಟ್ರೋಕ್ 75. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಗೇರ್ ಲಿವರೇ ಕಿಕ್ಕರ್, ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಂದರೆ ಗೇರ್. ಗೇರ್ ಒತ್ತುವಾಗ ಅದೇ ಲಿವರ್ ಕ್ಲಚ್ಚನ್ನೂ ಬಿಡಿಸುತ್ತದೆ, ಕೈಯ ಕ್ಲಚ್ ಹಿಡಿಯದೆ ಗೇರ್ ಬದಲಾಯಿಸಬಹುದು. 60ರ ದಶಕದ ಗಾಡಿ ಅಲ್ವಾ, ಈಗ ಬಿಚ್ಚಿ ನೋಡುವಾಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಕಷ್ಟ ಇರುವುದು ಸ್ಕ್ರೂಗಳಲ್ಲಿ. ಕವರಿನ ಸ್ಕ್ರೂಗಳೆಲ್ಲ ಒಂದೇ ಸೀಳಿನವು, ಸಾಧಾರಣ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಕಿತ್ತುಬರುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬೇಕೇ ಬೇಕು. ಸೈಲೆನ್ಸರ್ ಪೈಪಿನ ರಿಂಗ್ ನಟ್‌ಗೆ ಕೊಕ್ಕೆ ಸ್ಪ್ಯಾನರ್ ಬೇಕು, ಅದಿಲ್ಲ ಅಂತ ಉಳಿ ಇಟ್ಟು ಹೊಡೆದರೆ ಸಿಲಿಂಡರಿನ ಥ್ರೆಡ್ಡೇ ಹೋಗುತ್ತದೆ. ಬಿಚ್ಚಿದ ಪ್ರತಿ ಕಡೆಯ ಸ್ಕ್ರೂಗಳನ್ನು ರಟ್ಟಿನ ಮೇಲೆ ಕವರಿನ ಚಿತ್ರ ಬರೆದು ಅದೇ ಜಾಗಕ್ಕೆ ಚುಚ್ಚಿ ಇಟ್ಟೆ. ಉದ್ದ ಬೇರೆ ಬೇರೆ, ಅದಲು ಬದಲಾದರೆ ಉದ್ದದ್ದು ಒಳಗೆ ತಾಗುತ್ತದೆ.

ಒಳಗೆ ನೋಡಿದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಹೋಗಿತ್ತು. ರಾಡನ್ನು ನೆಟ್ಟಗೆ ಹಿಡಿದು ಮೇಲೆ ಕೆಳಗೆ ಎಳೆದರೆ ಆಟ ಇರಬಾರದು. ಅಕ್ಕಪಕ್ಕಕ್ಕೆ ಸ್ವಲ್ಪ ಆಡಿದರೆ ತೊಂದರೆ ಇಲ್ಲ, ಅದು ಇರಲೇಬೇಕು. ನನ್ನದು ಮೇಲೆ ಕೆಳಗೆ ಟಕ್ ಟಕ್ ಅನ್ನುತ್ತಿತ್ತು. ಇದನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಕ್ರ್ಯಾಂಕನ್ನು ಪ್ರೆಸ್‌ನಲ್ಲಿ ಒತ್ತಿ ಬಿಡಿಸಬೇಕು, ಹೊಸ ರಾಡ್, ಪಿನ್, ರೋಲರ್ ಹಾಕಿ ಮತ್ತೆ ಒತ್ತಬೇಕು, ಆಮೇಲೆ ವಿ ಬ್ಲಾಕ್ ಮೇಲೆ ಇಟ್ಟು ಡಯಲ್ ಗೇಜಿನಲ್ಲಿ ನೇರ ಮಾಡಬೇಕು. ಬನ್ನಿಮಂಟಪದ ಕಡೆಯ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಸಿಲಿಂಡರ್ ಬೋರಿಂಗ್ ಕೂಡ ಅಲ್ಲೇ. ಅದಕ್ಕೊಂದು ಮಾತು: ಮೊದಲು ಪಿಸ್ಟನ್ ಕೊಂಡು ಅದನ್ನು ಅವರ ಕೈಗೆ ಕೊಡಿ, ಪಿಸ್ಟನ್ ಅಳೆದು ಅದಕ್ಕೆ ತಕ್ಕ ಹಾಗೆ ಬೋರ್ ಮಾಡಲಿ. ಡಬ್ಬದ ಮೇಲೆ 0.50, ಅಂದರೆ ಮೂಲ ಅಳತೆಗಿಂತ ಅರ್ಧ ಮಿಮೀ ದೊಡ್ಡದು, ಅಂತ ಬರೆದಿದೆ ಅಂತ ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ತಂದರೆ ಗ್ಯಾಪ್ ಜಾಸ್ತಿ ಆಗಬಹುದು, ಕಡಿಮೆ ಆದರಂತೂ ಬಿಸಿಯಾದಾಗ ಹಿಡಿದುಕೊಳ್ಳುತ್ತದೆ. ಮೂಲ ಕಾರ್ಖಾನೆ ಮುಚ್ಚಿದ ಮೇಲೆ ಬರುತ್ತಿರುವ ಭಾಗಗಳಲ್ಲಿ ಒಳ್ಳೆಯವೂ ಇವೆ, ಕಳಪೆಯವೂ ಇವೆ, ಅಳೆಯದೆ ನಂಬಬಾರದು.

ಬೇರಿಂಗ್ ಕೂರಿಸಿದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ರ್ಯಾಂಕ್ ಕೇಸ್ ಅಲ್ಯೂಮಿನಿಯಂ, ಬೇರಿಂಗ್ ಸ್ಟೀಲ್. ಬಿಸಿ ಮಾಡಿದರೆ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ, ಅಷ್ಟೇ ಗುಟ್ಟು. ಹಿಂದಿನ ರಾತ್ರಿಯೇ ಬೇರಿಂಗ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿ ಬಟಾಣಿ ಪಕ್ಕ ಇಟ್ಟೆ. ಕೇಸನ್ನು ಸೋಪು ಹಾಕಿ ತೊಳೆದು, ಒಂದು ಹನಿ ಪೆಟ್ರೋಲ್ ಇಲ್ಲ ಎಣ್ಣೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಹಳೆ ದೋಸೆ ಕಾವಲಿ ಮೇಲೆ ಇಟ್ಟು ಸಣ್ಣ ಉರಿಯಲ್ಲಿ ಕಾಯಿಸಿದೆ. ನೀರು ಚಿಮುಕಿಸಿದರೆ ಚುರ್ ಅಂದು ಹಾರಬೇಕು, ಅಷ್ಟು ಬಿಸಿ ಸಾಕು. ಹೆಂಡತಿ ಬೇರಿಂಗ್ ತಂದುಕೊಟ್ಟಳು, ಮೇಲೆ ಮಂಜು ಕಟ್ಟಿತ್ತು. ಕೈಗವಸು ಹಾಕಿಕೊಂಡು ನೇರವಾಗಿ ಹಿಡಿದು ಬಿಟ್ಟೆ. ಟಪ್ ಅಂತ ಒಂದೇ ಸದ್ದು, ತಳಕ್ಕೆ ಹೋಗಿ ಕೂತಿತು. ಸುತ್ತಿಗೆ ಬೇಡ, ಪೈಪ್ ಬೇಡ. ಸ್ವಲ್ಪ ಓರೆಯಾದರೂ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ, ಯೋಚನೆ ಮಾಡಲು ಹೊತ್ತಿರುವುದಿಲ್ಲ. ಎಲ್ಲ ಕೂತ ಮೇಲೆ ಇಬ್ಬರೂ ಕಾಫಿ ಮಾಡಿಕೊಂಡು ಕುಡಿದೆವು, ಅಡುಗೆಮನೆ ತುಂಬ ಕಾದ ಲೋಹದ ವಾಸನೆ.

ಆಯಿಲ್ ಸೀಲ್ ವಿಷಯದಲ್ಲಿ ಹಳೆಯದರ ಮೇಲೆ ಕರುಣೆ ಬೇಡ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಕ್ರ್ಯಾಂಕ್ ಕೇಸಿಗೆ ಬಂದು ಆಮೇಲೆ ಮೇಲಕ್ಕೆ ಹೋಗುತ್ತವೆ. ಆ ಕೋಣೆ ಬಿಗಿಯಾಗಿರಬೇಕು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಸೀಲಿನ ತುಟಿ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಡೈನಮೋ ಕಡೆಯ ಸೀಲ್ ಸೋರಿದರೆ ಗಾಳಿ ಎಳೆದುಕೊಂಡು ಎಂಜಿನ್ ಪೆಟ್ರೋಲ್ ಕಡಿಮೆಯಾಗಿ ಬಡಕಲಾಗಿ ಓಡುತ್ತದೆ, ಬಿಸಿಯಾಗುತ್ತದೆ. ಕ್ಲಚ್ ಕಡೆಯ ಸೀಲ್ ಸೋರಿದರೆ ಗೇರ್ ಆಯಿಲನ್ನೇ ಎಳೆದು ಸುಡುತ್ತದೆ, ಹೊಗೆ ನಿಲ್ಲುವುದಿಲ್ಲ, ಗೇರ್ ಬಾಕ್ಸ್ ಖಾಲಿಯಾಗುತ್ತಾ ಬರುತ್ತದೆ. ಜಾವಾ ಅಂದ್ರೆ ಹೊಗೆ ಅಂತ ಜನ ಹೇಳುವುದರಲ್ಲಿ ಅರ್ಧ ಈ ಸೀಲಿನದೇ.

ಕ್ಲಚ್ ಪ್ಲೇಟುಗಳಲ್ಲಿ ಕಾರ್ಕ್ ತುಂಡುಗಳಿವೆ. ಹೊಸ ಪ್ಲೇಟು ಹಾಕುವ ಮುಂಚೆ ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಬೇಕು.

ಈಗ ಬಣ್ಣಕ್ಕೆ ಬರುತ್ತೇನೆ. ಎಂಜಿನ್ ಬೆಂಚಿನ ಮೇಲಿದ್ದಾಗ ಭಾವ ಬಂದಿದ್ದರು. "ಒಳಗೆ ಇಷ್ಟು ದುಡ್ಡು ಸುರಿದು ಹೊರಗೆ ಹೀಗೇ ಬಿಡ್ತೀಯೇನೋ, ನೋಡೋರು ಏನಂತಾರೆ, ದಸರಾ ಹೊತ್ತಿಗೆ ಫಳಫಳ ಅನ್ನಬೇಕು" ಅಂದರು. ಅವರ ಮಾತು ಪ್ರೀತಿಯದೇ. ಆದರೆ ಅವತ್ತು ಅವರನ್ನು ಟ್ಯಾಂಕಿನ ಹತ್ತಿರ ಕೂರಿಸಿ, ಟಾರ್ಚ್ ಬಿಟ್ಟು, ಅಂಚಿನ ಚಿನ್ನದ ಬಣ್ಣದ ಗೆರೆಯನ್ನು ತೋರಿಸಿದೆ. ಅದು ಸ್ಟಿಕ್ಕರ್ ಅಲ್ಲ, ಕೈಯಲ್ಲಿ ಬ್ರಷ್ ಹಿಡಿದು ಎಳೆದದ್ದು. ಹತ್ತಿರದಿಂದ ನೋಡಿದರೆ ಗೆರೆ ಒಂದು ಕಡೆ ಕೂದಲೆಳೆಯಷ್ಟು ಹೆಚ್ಚು ದಪ್ಪ, ತಿರುವಿನಲ್ಲಿ ತೆಳು. ಹಿಂಭಾಗದಲ್ಲಿ ಒಂದು ಜಾಗದಲ್ಲಿ ಬ್ರಷ್ ಎತ್ತಿ ಮತ್ತೆ ಇಟ್ಟಿದ್ದು ಕಾಣುತ್ತದೆ, ಅಲ್ಲಿ ಬಣ್ಣ ಸಣ್ಣಗೆ ಉಬ್ಬಿದೆ, ಬೆರಳಿಗೆ ಸಿಗುತ್ತದೆ. ನಮ್ಮೂರಿನ ಯಾರೋ ಒಬ್ಬ ಕೆಲಸಗಾರ 1968ರಲ್ಲಿ ಉಸಿರು ಹಿಡಿದು ಎಳೆದ ಗೆರೆ ಅದು. ಆ ಮನುಷ್ಯನ ಹೆಸರು ಎಲ್ಲೂ ಬರೆದಿಲ್ಲ, ಅವನ ಕೈ ಮಾತ್ರ ಇಲ್ಲಿದೆ. ಟ್ಯಾಂಕಿನ ಮೇಲೆ, ಸೀಟಿನ ಮುಂದೆ, ಬಣ್ಣ ಸವೆದು ಪ್ರೈಮರ್ ಕಾಣುವ ಒಂದು ಅಂಗೈಯಗಲದ ಜಾಗ ಇದೆ. ದೊಡ್ಡಪ್ಪ ಸ್ಕೂಲಿನ ಬಟ್ಟೆ ಚೀಲವನ್ನು ದಿನಾ ಅಲ್ಲೇ ಇಟ್ಟುಕೊಂಡು ಹೋಗುತ್ತಿದ್ದರು. ಇದನ್ನು ಉಜ್ಜಿ ತೆಗೆಯಲು ನನಗೆ ಮನಸ್ಸಿಲ್ಲ ಅಂದೆ. ಭಾವ ಆಮೇಲೆ ಬಣ್ಣದ ಮಾತು ಎತ್ತಲಿಲ್ಲ. ತಾವೇ ಕೂತು ಮಡ್‌ಗಾರ್ಡ್ ಒರೆಸಿಕೊಟ್ಟರು.

ಹಾಗಂತ ಬಣ್ಣಕ್ಕೆ ಏನೂ ಮಾಡಬಾರದು ಅಂತಲ್ಲ. ಮೊದಲು ಮೆದು ಸೋಪಿನ ನೀರು, ಹಳೆ ಬನಿಯನ್ ಬಟ್ಟೆ. ಗ್ರೀಸ್ ಕಟ್ಟಿದ ಕಡೆ ಸ್ವಲ್ಪ ಸೀಮೆಎಣ್ಣೆ. ಸೀಟಿನ ಕೆಳಗೆ, ಯಾರಿಗೂ ಕಾಣದ ಕಡೆ, ನಯವಾದ ಪಾಲಿಶ್ ಹಚ್ಚಿ ಪರೀಕ್ಷೆ ಮಾಡಿದೆ, ಬಟ್ಟೆಗೆ ಬಣ್ಣ ಜಾಸ್ತಿ ಬಂದರೆ ನಿಲ್ಲಿಸಬೇಕು. ಚಿನ್ನದ ಗೆರೆಯ ಮೇಲೆ ಪಾಲಿಶ್ ಹಾಕಲೇಬಾರದು, ಅದು ತೆಳು, ಎರಡು ಉಜ್ಜಿಗೆ ಹೋಗಿಬಿಡುತ್ತದೆ. ಕೊನೆಗೆ ಮೇಣ. ತುಕ್ಕು ಹತ್ತಿದ ಅಂಚುಗಳಿಗೆ ತೆಳುವಾಗಿ ಎಣ್ಣೆ ಹಚ್ಚಿ ಒರೆಸುತ್ತಾ ಇದ್ದರೆ ತುಕ್ಕು ಮುಂದೆ ಹೋಗುವುದಿಲ್ಲ. ಕ್ರೋಮ್ ಮೇಲಿನ ತುಕ್ಕಿನ ಚುಕ್ಕೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು. ವೈರ್ ಬ್ರಷ್, ಎಮ್ರಿ ಪೇಪರ್ ಹತ್ತಿರ ತರಬೇಡಿ. ಇಷ್ಟಕ್ಕೇ ಮರೂನ್ ಬಣ್ಣ ಎದ್ದು ಬಂದಿದ್ದು ನೋಡಿ ನನಗೇ ಮಾತು ಬರಲಿಲ್ಲ. ಪೇಂಟ್ ಮತ್ತು ಕ್ರೋಮಿಗೆ ಅಂತ ಒಂದು ಕಡೆ ಕೇಳಿದ ದುಡ್ಡಿನಲ್ಲಿ ನನ್ನ ಎಂಜಿನ್ ಕೆಲಸ, ಟೈರು, ಬ್ರೇಕು ಎಲ್ಲ ಮುಗಿದವು, ಅದನ್ನೂ ಹೇಳಬೇಕು.

ಟ್ಯಾಂಕಿನ ಹೊರಗೆ ಎಷ್ಟು ಜೋಪಾನವೋ ಒಳಗೆ ಅಷ್ಟೇ ಕೆಲಸ. ಪೂರ್ತಿ ತುಕ್ಕು. ದಿನಸಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್ ಪುಡಿಯನ್ನು ಬಿಸಿ ನೀರಿನಲ್ಲಿ ಕರಗಿಸಿ ತುಂಬಿಸಿ ಇಟ್ಟೆ. ಹೊರಗಿನ ಬಣ್ಣಕ್ಕೆ ಒಂದು ಹನಿ ತಾಗದ ಹಾಗೆ ಬಾಯಿಯ ಸುತ್ತ ಗ್ರೀಸ್ ಬಳಿದು ಪ್ಲಾಸ್ಟಿಕ್ ಸುತ್ತಿದ್ದೆ. ಚೆಲ್ಲಿದ ಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ, ಒಳಗೆಲ್ಲ 2ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಆಡಿಸಿ ಬಿಟ್ಟೆ. ತಕ್ಷಣ ಅನ್ನುವುದು ಮುಖ್ಯ, ಒದ್ದೆ ಬಿಟ್ಟರೆ ಕಣ್ಣೆದುರೇ ಕೆಂಪಗಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇರುತ್ತದೆ, ಅದು ನೀರಿನಂಶ ಎಳೆದುಕೊಳ್ಳುತ್ತದೆ, ಹಳೆ ರಬ್ಬರನ್ನೂ ಕೆಡಿಸುತ್ತದೆ. ಹಾಗಾಗಿ ಪೆಟ್ರೋಲ್ ಪೈಪ್, ಕಾಕ್‌ನ ವಾಷರ್ ಎಲ್ಲ ಎಥನಾಲ್ ತಡೆಯುವಂಥವನ್ನೇ ಹಾಕಿದೆ. ಗಾಡಿ ವಾರಗಟ್ಟಲೆ ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಕಾರ್ಬುರೇಟರಿನಲ್ಲಿ ಇರುವುದು ಖಾಲಿಯಾಗುವ ತನಕ ಓಡಿಸಿಯೇ ಆಫ್ ಮಾಡುತ್ತೇನೆ.

ಕರೆಂಟಿನ ಕೆಲಸ ಎಲ್ಲರೂ ಹೆದರಿಸುವಷ್ಟು ಕಷ್ಟ ಅಲ್ಲ. 6 ವೋಲ್ಟ್ ಡೈನಮೋ. ವೋಲ್ಟೇಜ್ ಕಡಿಮೆ ಆದ್ದರಿಂದ ಒಂದು ಜಾಯಿಂಟಿನಲ್ಲಿ ತುಕ್ಕಿದ್ದರೂ ಲೈಟ್ ಮಂಕಾಗುತ್ತದೆ. ಸ್ವಲ್ಪ ದಪ್ಪದ ವೈರ್ ಹಾಕಿ, ಅರ್ತ್ ಆಗುವ ಜಾಗ ಚೆನ್ನಾಗಿ ಕೆರೆದು ಬಿಗಿ ಮಾಡಿದೆ, ಕಾರ್ಬನ್ ಬ್ರಷ್ ಬದಲಾಯಿಸಿದೆ, ಅರ್ಧ ತೊಂದರೆ ಅಲ್ಲಿಗೇ ಹೋಯಿತು. ಪ್ಲಗ್ಗಿಗೆ ಕಿಡಿ ಬರುವಂತೆ ಕರೆಂಟ್ ಕಡಿದು ಕೊಡುವ ಪಾಯಿಂಟ್‌ನ ಗ್ಯಾಪ್ 0.4 ಮಿಮೀ. ಹೊಸದಾಗಿ ಬರುವ ಪಾಯಿಂಟ್ ಸೆಟ್‌ಗಳಲ್ಲಿ ಕೆಲವದರ ಫೈಬರ್ ಬೇಗ ಸವೆದು ಗ್ಯಾಪ್ ಮುಚ್ಚಿಕೊಳ್ಳುತ್ತದೆ, ಹಾಕಿದ ಮೇಲೆ ಮೊದಮೊದಲು ಆಗಾಗ ನೋಡುತ್ತಿರಬೇಕು. 12 ವೋಲ್ಟಿಗೆ ಬದಲಾಯಿಸಿ ಅಂತ ಸಲಹೆ ಬಂತು. ಇರುವುದು ಕೆಲಸ ಮಾಡುವಾಗ ಯಾಕೆ?

ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ತೆಗೆದು ಕಾರ್ಬನ್ ಸುಟ್ಟು, ತಟ್ಟಿ, ಕೆರೆದು ಹಾಕಿದೆ. ಸದ್ದು ಜೋರಾಗಲಿ ಅಂತ ಬ್ಯಾಫಲ್ ಕತ್ತರಿಸುವವರು ತುಂಬಾ ಜನ. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರ್ ಎಂಜಿನ್ನಿನ ಒಂದು ಭಾಗ, ಅದನ್ನು ಕತ್ತರಿಸಿದರೆ ಸದ್ದು ಬರುತ್ತದೆ, ಎಳೆತ ಹೋಗುತ್ತದೆ.

ಸ್ಟಾರ್ಟ್ ಮಾಡಿದ ದಿನ ಭಾನುವಾರ. ಲೀಟರಿಗೆ 40 ಎಂಎಲ್ 2ಟಿ ಆಯಿಲ್ ಬೆರೆಸಿ ಹಾಕಿದೆ. ಕಾರ್ಬುರೇಟರಿನ ಟಿಕ್ಲರ್ ಒತ್ತಿ, ಪೆಟ್ರೋಲ್ ಒಸರುವ ತನಕ ಹಿಡಿದು, ಕಿಕ್ ಮಾಡಿದರೆ ಹತ್ತಿಕೊಂಡಿತು. ಆದರೆ ಆಕ್ಸಲರೇಟರ್ ಬಿಟ್ಟರೂ ಎಂಜಿನ್ ಇಳಿಯಲಿಲ್ಲ, ತನ್ನಷ್ಟಕ್ಕೇ ಏರುತ್ತಾ ಹೋಯಿತು. ಪಕ್ಕದ ಬೀದಿಯ ಹಿರಿಯರು ಸದ್ದು ಕೇಳಿಯೇ ಬಂದರು. "ಆಫ್ ಮಾಡಪ್ಪ ಮೊದಲು, ಗಾಳಿ ಎಳೀತಿದೆ" ಅಂದರು. ಕಾರ್ಬುರೇಟರ್ ಬಿಚ್ಚಿಸಿ, ಅದರ ಫ್ಲೇಂಜ್ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ ಬೆಳಕಿಗೆ ಹಿಡಿದು ತೋರಿಸಿದರು. ನಡುವೆ ಬೆಳಕು ಕಾಣುತ್ತಿತ್ತು. ಎಷ್ಟೋ ವರ್ಷ ಎಷ್ಟೋ ಜನ ಎರಡು ತುದಿಯ ನಟ್ಟನ್ನು ಬಿಗಿ ಮಾಡಿ ಮಾಡಿ ಫ್ಲೇಂಜ್ ಬಿಲ್ಲಿನ ಹಾಗೆ ಬಾಗಿತ್ತು. ಗಾಜಿನ ಮೇಲೆ ಎಮ್ರಿ ಪೇಪರ್ ಅಂಟಿಸಿ, ಸೀಮೆಎಣ್ಣೆ ಹಾಕಿಕೊಂಡು, ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿದೆ. ಮೊದಲು ಎರಡು ತುದಿ ಮಾತ್ರ ಹೊಳೆಯಿತು, ಆಮೇಲೆ ಹೊಳಪು ಒಳಗೆ ಹಬ್ಬುತ್ತಾ ಬಂತು, ಪೂರ್ತಿ ಒಂದೇ ಸಮ ಆದಾಗ ನಿಲ್ಲಿಸಿದೆ. ಹೊಸ ಪ್ಯಾಕಿಂಗ್ ಹಾಕಿ ಮತ್ತೆ ಕಿಕ್ ಮಾಡಿದರೆ ಎಂಜಿನ್ ಇಳಿದು ಡುಗ್ ಡುಗ್ ಅಂತ ನಿಂತಿತು. ಹಿರಿಯರು ಸ್ಕ್ರೂಡ್ರೈವರಿನ ತುದಿಯನ್ನು ಕೇಸಿಗೆ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಎರಡೂ ಕಡೆ ಬೇರಿಂಗ್ ಕೇಳಿದರು. "ಚೆನ್ನಾಗಿ ಕೂತಿದೆ" ಅಂದರು. ಆ ಕಾರ್ಖಾನೆಯಲ್ಲಿ ಎಂಜಿನ್ ಕಟ್ಟಿದ ಕೈಯವರ ಬಾಯಲ್ಲಿ ಅದನ್ನು ಕೇಳಿ ನನ್ನ ಕಣ್ಣು ತುಂಬಿಬಂತು.

ಹೊಸ ಬೋರ್ ಆದ್ದರಿಂದ ರನ್ನಿಂಗ್ ಇನ್ ನಡೆಯುತ್ತಿದೆ. ಜೋರಾಗಿ ಓಡಿಸುವುದಿಲ್ಲ, ಒಂದೇ ವೇಗದಲ್ಲಿ ದೂರ ಹೋಗುವುದಿಲ್ಲ, ಇಳಿಜಾರಿನಲ್ಲಿ ಆಕ್ಸಲರೇಟರ್ ಪೂರ್ತಿ ಮುಚ್ಚಿ ಬಿಡುವುದಿಲ್ಲ, ಯಾಕೆಂದರೆ ಟೂ ಸ್ಟ್ರೋಕಿಗೆ ಎಣ್ಣೆ ಬರುವುದು ಪೆಟ್ರೋಲ್ ಜೊತೆಗೇ. ಚಾಮುಂಡಿ ಬೆಟ್ಟ ಹತ್ತಿಸುವುದು ಇನ್ನೂ ಬಾಕಿ, ಅಷ್ಟು ಏರು ಈಗಲೇ ಬೇಡ ಅಂತ ಹಿರಿಯರ ಅಪ್ಪಣೆ. ಶ್ರೀರಂಗಪಟ್ಟಣದ ತನಕ ಹೋಗಿ ಬಂದೆ, ನಡುವೆ ನಿಲ್ಲಿಸಿ ಎಂಜಿನ್ ಆರಲು ಬಿಟ್ಟೆ, ಪ್ಲಗ್ ಬಿಚ್ಚಿ ನೋಡಿದರೆ ಕಾಫಿ ಪುಡಿ ಬಣ್ಣ ಬಂದಿತ್ತು, ಅದೇ ಬೇಕಾಗಿದ್ದು.

ಉಳಿದಿರುವುದು ಸ್ಪೀಡೋಮೀಟರ್. ಮುಳ್ಳು ಅಲ್ಲಾಡುವುದಿಲ್ಲ. ಎಲ್ಲಿ ಕೇಳಿದರೂ ಹೊಸ ಡಯಲ್ ಹಾಕಿಕೊಡ್ತೀವಿ ಅನ್ನುತ್ತಾರೆ, ನನಗೆ ಬೇಕಾಗಿರುವುದು ಒಳಗಿನ ಗೇರ್ ಸರಿ ಮಾಡಿ, ಮಾಸಿದ ಹಳೆ ಡಯಲನ್ನೇ ವಾಪಸ್ ಕೂರಿಸಿಕೊಡುವವರು. ಮೈಸೂರಲ್ಲೋ ಮಂಡ್ಯದಲ್ಲೋ ಅಂಥವರು ಯಾರಾದರೂ ಗೊತ್ತಿದ್ದರೆ ತಿಳಿಸಿ, ಗಾಡಿ ತೆಗೆದುಕೊಂಡು ನಾನೇ ಬರುತ್ತೇನೆ.